ಹಿರಿಯರ ಸೊಂಟದ ಮೂಳೆ ಮುರಿತ: ದೇಶದೇಶಗಳ ದಾಖಲೆಗಳು ಹೇಳುವುದೇನು?

ವಡಾಲ, ಮಾಟುಂಗ, ದಾದರ್, ಸಾಯನ್ ಪರಿಸರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕವು ಇಂದು ಮೂರು ತಲೆಮಾರುಗಳ ಕುಟುಂಬಗಳಾಗಿವೆ. ಉದ್ಯೋಗವನ್ನರಸಿ ಈ ನಗರಕ್ಕೆ ಬಂದ ಮೊದಲ ತಲೆಮಾರಿನವರು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ವಡಾಲದ ರಾಮಮಂದಿರಕ್ಕೆ ದಿನವೂ ನಡೆದು ಹೋಗುತ್ತಿದ್ದವರು, ಎನ್.ಕೆ.ಇ.ಎಸ್. ಶಾಲೆಗೆ ಮಕ್ಕಳನ್ನು ಕೈಹಿಡಿದು ಕರೆದೊಯ್ಯುತ್ತಿದ್ದವರು ಈಗ ಬಚ್ಚಲುಮನೆಯ ಹೊಸ್ತಿಲು ದಾಟುವಾಗ ಗೋಡೆಯನ್ನು ಹಿಡಿಯುತ್ತಾರೆ. ಇಂತಹ ಮನೆಗಳಲ್ಲಿ ಎಲ್ಲರೂ ಒಳಗೊಳಗೇ ಅಂಜುವ ಸಂಗತಿಯೊಂದಿದೆ: ಹಿರಿಯರು ಜಾರಿ ಬೀಳುವುದು, ಸೊಂಟದ ಮೂಳೆ ಮುರಿಯುವುದು.

ಈ ಮುರಿತದ ಚಿಕಿತ್ಸೆಯನ್ನು ಹಲವು ದೇಶಗಳು ರಾಷ್ಟ್ರಮಟ್ಟದಲ್ಲಿ ದಾಖಲಿಸುತ್ತ ಬಂದಿವೆ. ಪ್ರತಿಯೊಬ್ಬ ರೋಗಿಯ ವಯಸ್ಸು, ಆಸ್ಪತ್ರೆ ಸೇರಿದ ಗಳಿಗೆ, ಶಸ್ತ್ರಚಿಕಿತ್ಸೆ ನಡೆದ ಗಳಿಗೆ, ಎದ್ದು ನಿಂತ ದಿನ, ಮನೆಗೆ ಮರಳಿದ ದಿನ ಇವೆಲ್ಲವನ್ನೂ ಒಂದೇ ಕ್ರಮದಲ್ಲಿ ಬರೆದಿಡುವ ವ್ಯವಸ್ಥೆ ಅದು. ಇದನ್ನು ರಿಜಿಸ್ಟ್ರಿ ಅಥವಾ ನೋಂದಣಿ ಎನ್ನುತ್ತಾರೆ. ನಾವು ವೈದ್ಯರಲ್ಲ. ಆದರೆ ಈ ದೇಶಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದಾಗ ಸಾಮಾನ್ಯ ಕುಟುಂಬವೂ ತಿಳಿದಿರಬೇಕಾದ ಒಂದು ಸತ್ಯ ಎದ್ದು ಕಾಣುತ್ತದೆ. ಫಲಿತಾಂಶವನ್ನು ಸುಧಾರಿಸಿದ್ದು ಯಾವುದೋ ಹೊಸ ಲೋಹದ ಸಾಧನವಲ್ಲ, ಕಾಲದ ಲೆಕ್ಕ ಮತ್ತು ಆರೈಕೆಯ ಕ್ರಮ. ಅದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮುರಿಯುವುದು ಯಾವ ಮೂಳೆ?

ನಾವು ಸೊಂಟ ಮುರಿಯಿತು ಎಂದು ಹೇಳುವುದು ವಾಸ್ತವವಾಗಿ ತೊಡೆಯ ಮೂಳೆಯ ಮೇಲ್ತುದಿಯ ಮುರಿತವನ್ನು. ಈ ಮೂಳೆಯ ತಲೆ ಗುಂಡಾಗಿದ್ದು ಸೊಂಟದ ಬಟ್ಟಲಿನೊಳಗೆ ಕೂತಿರುತ್ತದೆ. ತಲೆಯ ಕೆಳಗೆ ಸಣ್ಣದೊಂದು ಕತ್ತು, ಅದರ ಕೆಳಗೆ ಸ್ನಾಯುಗಳು ಅಂಟಿಕೊಳ್ಳುವ ಉಬ್ಬು ಭಾಗ. ಮುರಿತವು ಕತ್ತಿನಲ್ಲಾಗಬಹುದು, ಇಲ್ಲವೇ ಉಬ್ಬಿನ ಭಾಗದಲ್ಲಾಗಬಹುದು.

ಈ ಭೇದವು ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಕತ್ತಿನಲ್ಲಿ ಮುರಿದು ಸ್ಥಾನಪಲ್ಲಟವಾದರೆ ಮೂಳೆಯ ತಲೆಗೆ ಹೋಗುವ ರಕ್ತದ ಪೂರೈಕೆ ಕಡಿಯುವ ಸಂಭವ ಹೆಚ್ಚು. ಆದ್ದರಿಂದ ಹಿರಿಯರಲ್ಲಿ ಸಾಮಾನ್ಯವಾಗಿ ಆ ತಲೆಯನ್ನೇ ತೆಗೆದು ಕೃತಕ ತಲೆಯನ್ನು, ಕೆಲವರಿಗೆ ಸಂಪೂರ್ಣ ಕೃತಕ ಕೀಲನ್ನು ಕೂಡಿಸುತ್ತಾರೆ. ಉಬ್ಬಿನ ಭಾಗದಲ್ಲಿ ಮುರಿದರೆ ಸ್ಕ್ರೂ ಮತ್ತು ಪಟ್ಟಿ ಅಥವಾ ಮೂಳೆಯೊಳಗೆ ಸೇರಿಸುವ ಲೋಹದ ಸರಳಿನಿಂದ ಬಂಧಿಸುತ್ತಾರೆ. ಎರಡೂ ಸಂದರ್ಭಗಳಲ್ಲಿ ಉದ್ದೇಶ ಒಂದೇ: ರೋಗಿಯು ಬೇಗನೆ ಕಾಲೂರಿ ನಿಲ್ಲುವಂತಾಗಬೇಕು.

ಇಲ್ಲಿ ನಾಟಿ ವೈದ್ಯರ ವಿಷಯ ಹೇಳಬೇಕು. ಆಂಧ್ರದ ಪುತ್ತೂರಿನ ಕಟ್ಟು ದಕ್ಷಿಣದಲ್ಲೆಲ್ಲ ಹೆಸರಾದುದು. ನಮ್ಮ ಊರುಗಳಲ್ಲೂ ಮೂಳೆ ಕಟ್ಟುವವರ ಮನೆತನಗಳಿವೆ. ಕೈಯ ಮೂಳೆಗೆ ಬಿದಿರಿನ ದಬ್ಬೆ ಕಟ್ಟಿ ಅಲುಗದಂತೆ ಹಿಡಿಯಬಹುದು. ಆದರೆ ತೊಡೆಯ ಮೂಳೆಯ ಕತ್ತು ಮಾಂಸದ ಆಳದಲ್ಲಿದೆ. ಹೊರಗಿನ ಯಾವ ಕಟ್ಟೂ ಅದನ್ನು ಹಿಡಿದು ನಿಲ್ಲಿಸಲಾರದು. ಎಣ್ಣೆ ನೀವುವುದರಿಂದ ನೋವು ಹೆಚ್ಚಬಹುದು, ಅಮೂಲ್ಯ ದಿನಗಳು ಕಳೆದುಹೋಗಬಹುದು.

ಹಾಗೆಯೇ ಮಲಗಿದರೆ ಏನಾಗುತ್ತದೆ? ಮುರಿದ ಮೂಳೆಗಿಂತ ಹಾಸಿಗೆಯೇ ಹೆಚ್ಚು ಅಪಾಯಕಾರಿ. ಬೆನ್ನು ಮತ್ತು ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು, ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮತ್ತು ಹಳಬರು ಸನ್ನಿ ಎಂದು ಕರೆಯುವ ಬುದ್ಧಿಯ ಗೊಂದಲ ಒಂದರ ಹಿಂದೆ ಒಂದು ಬರುತ್ತವೆ. ಮುಂದುವರಿದ ದೇಶಗಳಲ್ಲೂ ಈ ಮುರಿತವಾದ ಹಿರಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಅವರೆಲ್ಲರ ಸಾವಿಗೂ ಮುರಿತವೇ ಕಾರಣವಲ್ಲ. ಮೊದಲೇ ಇದ್ದ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ದೌರ್ಬಲ್ಯವೂ ಸೇರಿರುತ್ತದೆ. ಆದ್ದರಿಂದಲೇ ಇದನ್ನು ಕೇವಲ ಮೂಳೆಯ ಕಾಯಿಲೆ ಎಂದು ಭಾವಿಸಬಾರದು.

ಸ್ವೀಡನ್ನಿನ ಮೊದಲ ಹೆಜ್ಜೆ

ಈ ಮುರಿತವು ಜಗತ್ತಿನಲ್ಲೇ ಅತ್ಯಧಿಕವಾಗಿ ಕಂಡುಬರುವುದು ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಂತಹ ಉತ್ತರದ ದೇಶಗಳಲ್ಲಿ. ಹೀಗಾಗಿ ಅದನ್ನು ರಾಷ್ಟ್ರಮಟ್ಟದಲ್ಲಿ ಬರೆದಿಡುವ ಆಲೋಚನೆ ಮೊದಲು ಅಲ್ಲಿಯೇ ಹುಟ್ಟಿತು. 1988ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಮೂಳೆ ಶಸ್ತ್ರವೈದ್ಯ ಕಾರ್ಲ್ ಯೋರಾನ್ ಥೋರ್ನ್‌ಗ್ರೆನ್ ಅವರ ನೇತೃತ್ವದಲ್ಲಿ ರಿಕ್ಸ್‌ಹೊಫ್ಟ್ ಎಂಬ ರಾಷ್ಟ್ರೀಯ ನೋಂದಣಿ ಆರಂಭವಾಯಿತು. ಶಸ್ತ್ರಚಿಕಿತ್ಸೆಯನ್ನಷ್ಟೇ ದಾಖಲಿಸದೆ, ರೋಗಿಯು ಮುರಿತಕ್ಕೆ ಮೊದಲು ಎಲ್ಲಿ ವಾಸಿಸುತ್ತಿದ್ದರು, ಹೇಗೆ ನಡೆಯುತ್ತಿದ್ದರು, ನಾಲ್ಕು ತಿಂಗಳ ಬಳಿಕ ಎಲ್ಲಿದ್ದಾರೆ, ಹೇಗೆ ನಡೆಯುತ್ತಿದ್ದಾರೆ ಎಂಬುದನ್ನೂ ಕೇಳಿ ಬರೆದದ್ದು ಅದರ ವೈಶಿಷ್ಟ್ಯ.

ಮೂಳೆ ಕೂಡಿತೇ ಎಂಬುದು ಶಸ್ತ್ರವೈದ್ಯರ ಪ್ರಶ್ನೆ. ಅಜ್ಜಿ ಮತ್ತೆ ತನ್ನ ಮನೆಗೆ ಬಂದರೇ, ತಾನೇ ಎದ್ದು ಶೌಚಾಲಯಕ್ಕೆ ಹೋಗುವರೇ ಎಂಬುದು ಮನೆಯವರ ಪ್ರಶ್ನೆ. ಸ್ವೀಡನ್ನಿನ ನೋಂದಣಿ ಎರಡನೆಯ ಪ್ರಶ್ನೆಯನ್ನೂ ಲೆಕ್ಕಕ್ಕೆ ತಂದಿತು. ಅದೇ ಮಾದರಿಯನ್ನು ಅನುಸರಿಸಿ 1993ರಲ್ಲಿ ಸ್ಕಾಟ್ಲೆಂಡ್ ತನ್ನ ಲೆಕ್ಕವನ್ನು ಆರಂಭಿಸಿತು.

ಬ್ರಿಟನ್ನಿನ ಅನುಭವ

ಈ ಕ್ಷೇತ್ರದಲ್ಲಿ ಅತ್ಯಂತ ವಿಸ್ತಾರವಾದ ನೋಂದಣಿ ಬ್ರಿಟನ್ನಿನದು. 2007ರಲ್ಲಿ ಅಲ್ಲಿನ ಮೂಳೆ ಶಸ್ತ್ರವೈದ್ಯರ ಸಂಘವೂ ವೃದ್ಧರೋಗ ತಜ್ಞರ ಸಂಘವೂ ಕೈಜೋಡಿಸಿ ಅದನ್ನು ಸ್ಥಾಪಿಸಿದವು. ಈಗ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಆಸ್ಪತ್ರೆಗಳಿಂದ ವರ್ಷಕ್ಕೆ ಸುಮಾರು 70,000 ರೋಗಿಗಳ ವಿವರ ಅದರಲ್ಲಿ ಸೇರುತ್ತದೆ. ಅದೇ ವರ್ಷ ಹೊರಬಂದ, ನೀಲಿ ಪುಸ್ತಕವೆಂದು ಹೆಸರಾದ ಕೈಪಿಡಿಯಲ್ಲಿ ಆರು ನಿಯಮಗಳಿದ್ದವು. ರೋಗಿಯನ್ನು ನಾಲ್ಕು ಗಂಟೆಗಳೊಳಗೆ ಮೂಳೆ ವಿಭಾಗದ ವಾರ್ಡಿಗೆ ಸೇರಿಸಬೇಕು. ಶಸ್ತ್ರಚಿಕಿತ್ಸೆ 48 ಗಂಟೆಗಳೊಳಗೆ ಆಗಬೇಕು. ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳಬೇಕು. ವೃದ್ಧರೋಗ ತಜ್ಞರ ಆರೈಕೆ ದೊರೆಯಬೇಕು. ಮೂಳೆ ಗಟ್ಟಿಯಾಗಿಸುವ ಔಷಧದ ಅಗತ್ಯವನ್ನು ಪರಿಶೀಲಿಸಬೇಕು. ಮತ್ತೆ ಬೀಳದಂತೆ ತಡೆಯುವ ವಿಚಾರಣೆಯಾಗಬೇಕು.

ಈ ಆರರಲ್ಲಿ ಶಸ್ತ್ರಚಿಕಿತ್ಸೆಯ ಕೌಶಲದ ಬಗ್ಗೆ ಒಂದು ಮಾತೂ ಇಲ್ಲ. ಎಲ್ಲವೂ ಕಾಲ ಮತ್ತು ಆರೈಕೆಯ ಮಾತುಗಳೇ. ಮೂಳೆಯವರು ಮತ್ತು ವೃದ್ಧರೋಗ ತಜ್ಞರು ಒಂದೇ ವಾರ್ಡಿನಲ್ಲಿ ಕೂಡಿ ನೋಡುವ ಪದ್ಧತಿಗೆ ಆ ದೇಶದಲ್ಲಿ ಹಳೆಯ ಬೇರಿದೆ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದಲ್ಲಿ ಶಸ್ತ್ರವೈದ್ಯ ಮೈಕೆಲ್ ಡೇವಾಸ್ ಮತ್ತು ವೃದ್ಧರೋಗ ತಜ್ಞ ಇರ್ವಿನ್ ದಶಕಗಳ ಹಿಂದೆಯೇ ಅದನ್ನು ನಡೆಸಿ ತೋರಿಸಿದ್ದರು. ನೋಂದಣಿಯು ಆ ಪದ್ಧತಿಯನ್ನು ಒಂದು ಪಟ್ಟಣದಿಂದ ಇಡೀ ದೇಶಕ್ಕೆ ಒಯ್ಯುವ ಸಾಧನವಾಯಿತು.

ಫಲವೇನಾಯಿತು? 2007ರಿಂದ 2011ರ ಅವಧಿಯಲ್ಲಿ ನೋಂದಣಿಗೆ ಸೇರಿದ ಆಸ್ಪತ್ರೆಗಳಲ್ಲಿ ಬೇಗನೆ ಶಸ್ತ್ರಚಿಕಿತ್ಸೆ ಪಡೆದವರ ಪ್ರಮಾಣ ಶೇಕಡಾ 54.5ರಿಂದ 71.3ಕ್ಕೆ ಏರಿತು. ಮೂವತ್ತು ದಿನಗಳೊಳಗಿನ ಮರಣ ಪ್ರಮಾಣ ಶೇಕಡಾ 10.9ರಿಂದ 8.5ಕ್ಕೆ ಇಳಿಯಿತು. ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲೂ ಮರಣ ಪ್ರಮಾಣ ಇಳಿಯುತ್ತಿತ್ತು, ಆದರೆ ವರ್ಷಕ್ಕೆ ಶೇಕಡಾ 1.8ರಷ್ಟು ಮಾತ್ರ. ನೋಂದಣಿಯ ಬಳಿಕ ಇಳಿಕೆಯ ವೇಗ ವರ್ಷಕ್ಕೆ ಶೇಕಡಾ 7.6 ಆಯಿತು.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್

ಬರೆದಿಟ್ಟರಷ್ಟೇ ಸಾಕೇ, ಅಥವಾ ಬರೆದುದಕ್ಕೆ ಬೆಲೆಯೂ ಇರಬೇಕೇ? ಇದಕ್ಕೆ ಉತ್ತರ ದೊರೆಯುವುದು ಎರಡು ನೆರೆನಾಡುಗಳ ಹೋಲಿಕೆಯಲ್ಲಿ. 2010ರಲ್ಲಿ ಇಂಗ್ಲೆಂಡ್ ಒಂದು ಹೊಸ ಪದ್ಧತಿಯನ್ನು ತಂದಿತು. 36 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ, ವೃದ್ಧರೋಗ ತಜ್ಞರ ಪರಿಶೀಲನೆ ಮುಂತಾದ ನಿಗದಿತ ನಿಯಮಗಳೆಲ್ಲವೂ ಒಬ್ಬ ರೋಗಿಯ ವಿಷಯದಲ್ಲಿ ಪಾಲನೆಯಾದರೆ, ಆ ರೋಗಿಯ ಲೆಕ್ಕದಲ್ಲಿ ಆಸ್ಪತ್ರೆಗೆ ಹೆಚ್ಚುವರಿ ಹಣ ಸಂದಾಯವಾಗುತ್ತಿತ್ತು. ಒಂದು ನಿಯಮ ತಪ್ಪಿದರೂ ಆ ಹಣವಿಲ್ಲ. ಸ್ಕಾಟ್ಲೆಂಡಿನಲ್ಲಿ ಇಂತಹ ಪಾವತಿ ಇರಲಿಲ್ಲ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡು ನಾಡುಗಳನ್ನು ಹೋಲಿಸಿತು. ಇಂಗ್ಲೆಂಡಿನಲ್ಲಿ ಕಂಡ ಮರಣ ಪ್ರಮಾಣದ ಇಳಿಕೆ ಸ್ಕಾಟ್ಲೆಂಡಿನಲ್ಲಿ ಅದೇ ರೀತಿ ಕಾಣಲಿಲ್ಲ. 2010ರಿಂದ 2016ರವರೆಗೆ ಇಂಗ್ಲೆಂಡಿನಲ್ಲಿ ಸುಮಾರು 7,600 ಸಾವುಗಳು ಕಡಿಮೆಯಾದುವೆಂದು ಆ ಅಧ್ಯಯನ ಅಂದಾಜು ಮಾಡಿತು. 2012ರಲ್ಲಿ ನೋಂದಣಿ ಆರಂಭಿಸಿದ್ದ ಐರ್ಲೆಂಡ್ 2018ರಲ್ಲಿ ಇದೇ ಬಗೆಯ ಪಾವತಿಯನ್ನು ಜಾರಿಗೆ ತಂದಿತು.

ಹಣದ ಆಸೆಯಿಂದ ವೈದ್ಯರು ಕೆಲಸ ಮಾಡಿದರು ಎಂದು ಇದರ ಅರ್ಥವಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಸರದಿಯಲ್ಲಿ ವಯೋವೃದ್ಧರ ಹೆಸರು ಬೇರೆ ತುರ್ತು ರೋಗಿಗಳ ಹಿಂದೆ ಸರಿಯುತ್ತಲೇ ಹೋಗುವುದು ಎಲ್ಲ ಕಡೆಯೂ ಇದ್ದ ರೂಢಿ. ವಿಳಂಬಕ್ಕೆ ಲೆಕ್ಕದ ಪುಸ್ತಕದಲ್ಲಿ ಬೆಲೆ ಬಿದ್ದಾಗ ಆಡಳಿತದವರೂ ಸರದಿಯನ್ನು ಗಮನಿಸತೊಡಗಿದರು.

ಹೋಲಿಕೆಯ ತೊಡಕುಗಳು

ಡೆನ್ಮಾರ್ಕ್ 2003ರ ಹೊತ್ತಿಗೆ, ನಾರ್ವೆ 2005ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2016ರಲ್ಲಿ, ಸ್ಪೇನ್ ಮತ್ತು ಜಪಾನ್ 2017ರ ಹೊತ್ತಿಗೆ ನೋಂದಣಿಗಳನ್ನು ಆರಂಭಿಸಿದವು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎರಡೂ ಸೇರಿ ಒಂದೇ ನೋಂದಣಿ ನಡೆಸುತ್ತಿವೆ. ಹಾಗಿದ್ದ ಮೇಲೆ ಯಾವ ದೇಶದ ಆರೈಕೆ ಶ್ರೇಷ್ಠ ಎಂದು ಒಂದು ಪಟ್ಟಿ ಮಾಡಿಬಿಡಬಹುದಲ್ಲವೇ ಎಂದು ಅನಿಸುವುದು ಸಹಜ. ಆದರೆ ಅದು ಅಷ್ಟು ಸುಲಭವಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಪರಿಚಿತವಾದ ಮಾತೊಂದಿದೆ. ಎರಡು ಶಾಖೆಗಳ ಲೆಕ್ಕವನ್ನು ಹೋಲಿಸುವ ಮುನ್ನ ಎರಡೂ ಕಡೆ ಒಂದೇ ಶೀರ್ಷಿಕೆಯ ಕೆಳಗೆ, ಒಂದೇ ದಿನಾಂಕದವರೆಗಿನ ನಮೂದುಗಳಿವೆಯೇ ಎಂದು ನೋಡಬೇಕು. ನೋಂದಣಿಗಳಲ್ಲಿ ಶೀರ್ಷಿಕೆಗಳೇ ಬೇರೆಬೇರೆ.

ಮೊದಲನೆಯದು ವಯಸ್ಸು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 50 ವರ್ಷದಿಂದ, ಬ್ರಿಟನ್ ಮತ್ತು ಐರ್ಲೆಂಡ್ 60ರಿಂದ, ಡೆನ್ಮಾರ್ಕ್ 65ರಿಂದ, ಜರ್ಮನಿ 70ರಿಂದ, ಸ್ಪೇನ್ 75ರಿಂದ ಮೇಲ್ಪಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಂಡಿವೆ. 75 ದಾಟಿದವರನ್ನಷ್ಟೇ ಎಣಿಸುವ ದೇಶದಲ್ಲಿ ಮರಣ ಪ್ರಮಾಣ ಹೆಚ್ಚು ಕಂಡರೆ ಅದು ಆಸ್ಪತ್ರೆಗಳ ದೋಷವಲ್ಲ.

ಎರಡನೆಯದು ಮರಣವನ್ನು ಎಣಿಸುವ ಅವಧಿ. ಕೆಲವು ಲೆಕ್ಕಗಳು ಆಸ್ಪತ್ರೆಯೊಳಗಿನ ಸಾವನ್ನು, ಕೆಲವು ಮೂವತ್ತು ದಿನಗಳೊಳಗಿನ ಸಾವನ್ನು ಹೇಳುತ್ತವೆ. ರೋಗಿಯನ್ನು ಬೇಗನೆ ಮನೆಗೋ ಶುಶ್ರೂಷಾಲಯಕ್ಕೋ ಕಳುಹಿಸುವ ದೇಶದಲ್ಲಿ ಆಸ್ಪತ್ರೆಯೊಳಗಿನ ಸಾವು ಕಡಿಮೆ ಕಾಣುತ್ತದೆ. ಜಪಾನಿನಲ್ಲಿ ರೋಗಿಗಳು ವಾರಗಟ್ಟಲೆ ಆಸ್ಪತ್ರೆಯಲ್ಲಿಯೇ ಇರುವುದು ರೂಢಿ, ಯೂರೋಪಿನಲ್ಲಿ ಹಾಗಲ್ಲ. ಈ ಎರಡನ್ನು ನೇರವಾಗಿ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ.

ಮೂರನೆಯದು, ನಮಗೆ ಅತ್ಯಂತ ಮುಖ್ಯವಾದುದು, ಗಡಿಯಾರ ಎಲ್ಲಿಂದ ಆರಂಭವಾಗುತ್ತದೆ ಎಂಬುದು. ಬ್ರಿಟನ್ನಿನ 36 ಗಂಟೆಗಳ ಎಣಿಕೆ ರೋಗಿಯು ಆಸ್ಪತ್ರೆಗೆ ಬಂದಮೇಲೆ ಆರಂಭವಾಗುತ್ತದೆ. ನಾರ್ವೆಯ ನೋಂದಣಿಯಾದರೋ ಮೂಳೆ ಮುರಿದ ಗಳಿಗೆಯಿಂದ ಶಸ್ತ್ರಚಿಕಿತ್ಸೆಯವರೆಗಿನ ಒಟ್ಟು ಕಾಲವನ್ನು ಕೇಳುತ್ತದೆ. ಅಲ್ಲಿನ 73,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು ವಿಳಂಬ 48 ಗಂಟೆಗಳನ್ನು ದಾಟಿದವರಲ್ಲಿ ಮರಣದ ಸಂಭವ ಹೆಚ್ಚಾಗಿ ಕಂಡಿತು. ಬಿದ್ದ ಕೂಡಲೇ ಆಂಬ್ಯುಲೆನ್ಸ್ ಬರುವ ನಾಡಿನಲ್ಲಿ ಈ ಎರಡು ಗಡಿಯಾರಗಳ ನಡುವೆ ಅಂತರ ಕಡಿಮೆ. ನಮ್ಮಲ್ಲಿ ಆ ಅಂತರ ದಿನಗಳಲ್ಲಿರಬಹುದು.

ಶೀಘ್ರವೆಂದರೆ ಎಷ್ಟು ಶೀಘ್ರ?

ಹಾಗಾದರೆ ಅರ್ಧ ರಾತ್ರಿಯಲ್ಲೇ ಶಸ್ತ್ರಚಿಕಿತ್ಸೆ ಆಗಬೇಕೇ? ಈ ಪ್ರಶ್ನೆಗೆ ಉತ್ತರ ಹುಡುಕಲು 17 ದೇಶಗಳ 69 ಆಸ್ಪತ್ರೆಗಳಲ್ಲಿ 2,970 ರೋಗಿಗಳ ಮೇಲೆ ಪ್ರಯೋಗವೊಂದು ನಡೆಯಿತು. ಭಾರತವೂ ಅದರಲ್ಲಿ ಭಾಗವಹಿಸಿತ್ತು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಮುರಿತ ಪತ್ತೆಯಾದ ಸುಮಾರು 6 ಗಂಟೆಗಳಲ್ಲಿ, ಇನ್ನೊಂದು ಗುಂಪಿಗೆ ಸುಮಾರು 24 ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೊಂಬತ್ತು ದಿನಗಳಲ್ಲಿ ಮರಣ ಪ್ರಮಾಣ ಶೇಕಡಾ 9 ಮತ್ತು 10; ಅಂದರೆ ಗಣನೀಯ ವ್ಯತ್ಯಾಸವಿಲ್ಲ. ಆದರೆ ಬೇಗನೆ ಶಸ್ತ್ರಚಿಕಿತ್ಸೆಯಾದವರಲ್ಲಿ ಬುದ್ಧಿಯ ಗೊಂದಲ ಕಡಿಮೆಯಿತ್ತು, ಅವರು ಬೇಗನೆ ಎದ್ದು ನಿಂತರು.

ಇದರಿಂದ ತಿಳಿಯಬೇಕಾದುದಿಷ್ಟು. ಆರು ಗಂಟೆಯೋ ಇಪ್ಪತ್ತನಾಲ್ಕು ಗಂಟೆಯೋ ಎಂದು ಮನೆಯವರು ಕಳವಳಪಡಬೇಕಾಗಿಲ್ಲ. ಆದರೆ ಅಲ್ಲಿ ನಿಧಾನದ ಗುಂಪಿಗೂ ಒಂದು ದಿನದ ಆಸುಪಾಸಿನಲ್ಲಿ ಚಿಕಿತ್ಸೆ ದೊರೆತಿತ್ತು ಎಂಬುದನ್ನು ಮರೆಯಬಾರದು. ನಾಲ್ಕನೆಯ ದಿನಕ್ಕೋ ಎಂಟನೆಯ ದಿನಕ್ಕೋ ತಳ್ಳುವುದಕ್ಕೆ ಈ ಪ್ರಯೋಗದಲ್ಲಿ ಯಾವ ಸಮರ್ಥನೆಯೂ ಇಲ್ಲ.

ನಮ್ಮ ದೇಶದ ಸ್ಥಿತಿ

2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಹರಿಯಾಣದ ರೋಹತಕ್ ಜಿಲ್ಲೆಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50 ದಾಟಿದ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 129 ಮಂದಿಗೆ ಈ ಮುರಿತವಾಗುತ್ತದೆ ಎಂದು ಕಂಡುಬಂದಿತು. ಗಂಡಸರಲ್ಲಿ 105, ಹೆಂಗಸರಲ್ಲಿ 159. ಉತ್ತರ ಯೂರೋಪಿನ ಪ್ರಮಾಣಕ್ಕಿಂತ ಇದು ಕಡಿಮೆಯೇ. ಆದರೆ ನಮ್ಮ ಜನಸಂಖ್ಯೆಯಿಂದ ಗುಣಿಸಿದಾಗ ರೋಗಿಗಳ ಸಂಖ್ಯೆ ಲಕ್ಷಗಳಲ್ಲಾಗುತ್ತದೆ.

ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವು ಎರಡು ಬಗೆಯ ವಿಳಂಬವನ್ನು ಗುರುತಿಸಿತು: ರೋಗಿಯು ಆಸ್ಪತ್ರೆ ತಲುಪುವಲ್ಲಿ ಆಗುವುದು, ತಲುಪಿದ ಬಳಿಕ ಶಸ್ತ್ರಚಿಕಿತ್ಸೆಯವರೆಗೆ ಆಗುವುದು. ಆದರೆ ಎಲ್ಲ ಆಸ್ಪತ್ರೆಗಳೂ ಕಡ್ಡಾಯವಾಗಿ ಸೇರಿರುವ, ಆಸ್ಪತ್ರೆವಾರು ವಾರ್ಷಿಕ ವರದಿ ಹೊರಡಿಸುವ ರಾಷ್ಟ್ರೀಯ ನೋಂದಣಿ ಈ ಮುರಿತಕ್ಕೆ ನಮ್ಮಲ್ಲಿಲ್ಲ. ಕೀಲು ಜೋಡಣೆಗಾಗಿ ಶಸ್ತ್ರವೈದ್ಯರ ಸಂಘವೊಂದು 2006ರಿಂದ ನೋಂದಣಿ ನಡೆಸುತ್ತಿದೆ. ಅದರ ವಿಷಯ ಬೇರೆ.

ನೋಂದಣಿಯ ಕೆಲಸ ನಮ್ಮ ಕೈಲಾಗದ್ದೇನೂ ಅಲ್ಲ. ದೇಶದ ಮೊದಲ ಕ್ಯಾನ್ಸರ್ ನೋಂದಣಿ 1963ರಲ್ಲಿ ಆರಂಭವಾದದ್ದು ಇದೇ ಮುಂಬಯಿಯಲ್ಲಿ. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರ ಕೊನೆಯಲ್ಲಿ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದಾಗ ಮುಂಬಯಿ, ಬೆಂಗಳೂರು, ಮದರಾಸುಗಳು ಮೊದಲ ಸಾಲಿನಲ್ಲಿದ್ದವು. ಇಂದು ದೇಶದಲ್ಲಿ ಕ್ಯಾನ್ಸರ್ ಎಷ್ಟು, ಎಲ್ಲಿ, ಯಾವ ಬಗೆಯದು ಎಂದು ಹೇಳಲು ಸಾಧ್ಯವಾಗಿರುವುದು ಆ ಬರವಣಿಗೆಯಿಂದ. ಕ್ಯಾನ್ಸರಿಗೆ ಸಾಧ್ಯವಾದುದು ಮುರಿದ ಮೂಳೆಗೂ ಸಾಧ್ಯ.

ವೃದ್ಧರೋಗ ತಜ್ಞರ ಕೊರತೆ ಇನ್ನೊಂದು ಸಮಸ್ಯೆ. ಮದರಾಸಿನಲ್ಲಿ ಡಾ. ವಿ. ಎಸ್. ನಟರಾಜನ್ ಅವರಿಂದ 1970ರ ದಶಕದಲ್ಲಿ ಆರಂಭಗೊಂಡ ಈ ವಿಭಾಗ ಬಹುಕಾಲ ಅಪರೂಪವಾಗಿಯೇ ಉಳಿಯಿತು. 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರಿಸಿದ ಎಂಟು ಪ್ರಾದೇಶಿಕ ಕೇಂದ್ರಗಳಲ್ಲಿ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು ಮತ್ತು ಜೆ.ಜೆ. ಆಸ್ಪತ್ರೆ ಒಂದು. ಅಂತಹ ತಜ್ಞರಿಲ್ಲದ ಕಡೆ ಅನುಭವಿ ಫಿಸಿಶಿಯನ್ ಆ ಸ್ಥಾನವನ್ನು ತುಂಬಬಹುದು. ಮುಖ್ಯವಾದುದು ಶಸ್ತ್ರವೈದ್ಯರೊಡನೆ ಅವರು ಮೊದಲ ದಿನದಿಂದಲೇ ರೋಗಿಯನ್ನು ನೋಡುವುದು.

ಮನೆಯ ಗಡಿಯಾರ

ವಡಾಲದ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದ ಮೂರನೆಯ ಮಹಡಿಯ ಮನೆಗಳು ಎಷ್ಟೋ. ರಾತ್ರಿ ಬಚ್ಚಲಿಗೆ ಹೋದ ಅಜ್ಜಿ ಬಿದ್ದರೆ ಮನೆಯಲ್ಲಿ ಮೊದಲು ಬರುವ ಮಾತು: ಉಳುಕಿರಬಹುದು, ಬೆಳಗಾಗಲಿ ನೋಡೋಣ. ಬೆಳಗ್ಗೆ ಎಣ್ಣೆ, ಮುಲಾಮು. ಸಂಜೆಗೆ ಪರಿಚಯದ ಡಾಕ್ಟರು. ಮರುದಿನ ಎಕ್ಸ್‌ರೇ. ಬಳಿಕ ಯಾವ ಆಸ್ಪತ್ರೆ ಎಂಬ ಚರ್ಚೆ, ಪುಣೆಯ ಮಗನಿಗೂ ಅಮೆರಿಕದ ಮಗಳಿಗೂ ಫೋನು. ಇಂತಹ ವಯಸ್ಸಿನಲ್ಲಿ ಆಪರೇಷನ್ ಬೇಕೇ ಎಂಬ ಹಿಂಜರಿಕೆ. ಪ್ರತಿಯೊಂದು ಮಾತಿನಲ್ಲೂ ಪ್ರೀತಿಯೇ ಇದೆ. ಆದರೆ ಮೂರು ದಿನ ಕಳೆದುಹೋಗಿದೆ. ಯಾವ ದೇಶದ ನೋಂದಣಿಯ ಅಳತೆಯಲ್ಲಿಯೂ ಇದು ದೀರ್ಘ ವಿಳಂಬ.

ಇನ್ನೊಂದು ಬಗೆಯ ವಿಳಂಬ ನಮ್ಮಂತಹ ವಲಸೆಯ ಕುಟುಂಬಗಳಿಗೆ ವಿಶಿಷ್ಟವಾದುದು. ತಾಯಿ ಉಡುಪಿ ಜಿಲ್ಲೆಯ ಹಳ್ಳಿಯಲ್ಲೋ ಗದಗಿನಲ್ಲೋ ಇದ್ದಾರೆ, ಮಕ್ಕಳು ಮುಂಬಯಿಯಲ್ಲಿ. ಬಿದ್ದ ಸುದ್ದಿ ಬಂದ ಕೂಡಲೇ ಇಲ್ಲಿಗೇ ಕರೆತರೋಣ, ಇಲ್ಲಿ ದೊಡ್ಡ ಆಸ್ಪತ್ರೆಗಳಿವೆ ಎಂಬ ಆಲೋಚನೆ ಮೂಡುತ್ತದೆ. ಮುರಿದ ಕಾಲಿನೊಡನೆ ರಾತ್ರಿಯಿಡೀ ಪ್ರಯಾಣವೆಂದರೆ ನೋವೂ ಹೌದು, ಕಾಲನಷ್ಟವೂ ಹೌದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಾಗಲಿ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಾಗಲಿ, ಈ ಮುರಿತ ಅಪರೂಪದ್ದೇನಲ್ಲ. ಸಮೀಪದಲ್ಲಿ ಸಮರ್ಥ ಆಸ್ಪತ್ರೆಯಿದ್ದರೆ ತಾಯಿಯನ್ನು ಇಲ್ಲಿಗೆ ತರುವುದಕ್ಕಿಂತ ಮಗನೇ ಊರಿಗೆ ಹೊರಡುವುದು ಲೇಸು.

ಹಿರಿಯರು ಬಿದ್ದು ಎದ್ದು ನಿಲ್ಲಲಾಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿನಲ್ಲಿ ನೋವಿದ್ದರೆ ಮೂಳೆ ಮುರಿದಿದೆ ಎಂದೇ ಭಾವಿಸುವುದು ಕ್ಷೇಮ. ಕೆಲವೊಮ್ಮೆ ಮುರಿದ ತುದಿಗಳು ಒಂದರೊಳಗೊಂದು ಹೊಕ್ಕು ರೋಗಿಯು ಕುಂಟುತ್ತ ನಡೆಯುವುದೂ ಉಂಟು. ಆದ್ದರಿಂದ ನಡೆದರು ಎಂಬುದೇ ಮುರಿದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ನಿಲ್ಲಿಸಿ ನೋಡುವ, ಟ್ಯಾಕ್ಸಿಯಲ್ಲಿ ಕೂರಿಸುವ ಪ್ರಯತ್ನ ಬೇಡ. ಕಾಲುಗಳ ನಡುವೆ ದಿಂಬಿಟ್ಟು, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 108ಕ್ಕೆ ಕರೆ ಮಾಡಿ ಸ್ಟ್ರೆಚರ್ ಮೇಲೆ ಒಯ್ಯಬೇಕು. ಬಿದ್ದ ಗಳಿಗೆ, ಕೊನೆಯ ಬಾರಿ ಆಹಾರ ಸೇವಿಸಿದ ಗಳಿಗೆ, ನಿತ್ಯ ಸೇವಿಸುವ ಔಷಧಗಳ ಪಟ್ಟಿ, ಮುಖ್ಯವಾಗಿ ರಕ್ತ ತೆಳುವಾಗಿಸುವ ಔಷಧ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ದೇಶದೇಶಗಳ ನೋಂದಣಿಗಳು ಅಳೆಯುವ ಅಂಶಗಳನ್ನೇ ಮನೆಯವರು ವಿನಯದಿಂದ ಕೇಳಬಹುದು.

1. ಶಸ್ತ್ರಚಿಕಿತ್ಸೆ ಯಾವಾಗ? ಮುಂದೂಡುವುದಾದರೆ ಯಾವ ಕಾರಣಕ್ಕೆ, ಆ ಕಾರಣ ಎಷ್ಟು ಹೊತ್ತಿನಲ್ಲಿ ಸರಿಹೋಗುತ್ತದೆ?

2. ಅದುವರೆಗೆ ನೋವಿಗೆ ಏನು ವ್ಯವಸ್ಥೆ? ತೊಡೆಯ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡುವ ಸೌಲಭ್ಯವಿದೆಯೇ?

3. ಮೂಳೆ ವೈದ್ಯರ ಜೊತೆಗೆ ವೃದ್ಧರೋಗ ತಜ್ಞರು ಅಥವಾ ಫಿಸಿಶಿಯನ್ ಪ್ರತಿದಿನ ನೋಡುವರೇ?

4. ಶಸ್ತ್ರಚಿಕಿತ್ಸೆಯ ಮರುದಿನ ಎದ್ದು ನಿಲ್ಲಿಸುವರೇ? ಭಾನುವಾರವೂ ಫಿಸಿಯೋಥೆರಪಿ ಇದೆಯೇ?

5. ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುವವರು ಯಾರು?

6. ಮನೆಗೆ ಕಳುಹಿಸುವ ಮುನ್ನ ಮೂಳೆ ಗಟ್ಟಿಯಾಗಿಸುವ ಔಷಧವನ್ನು ನಿರ್ಧರಿಸುವರೇ?

ಬುದ್ಧಿಯ ಗೊಂದಲದ ಬಗ್ಗೆ ಮನೆಯವರ ಪಾತ್ರ ದೊಡ್ಡದು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮನೆಯಲ್ಲಿಯೇ ಉಳಿಯಬಾರದು. ಅಪರಿಚಿತ ವಾರ್ಡಿನಲ್ಲಿ ಮರಾಠಿ, ಹಿಂದಿಗಳ ನಡುವೆ ಮಲಗಿದ ಹಿರಿಯರಿಗೆ ಪಕ್ಕದಲ್ಲಿ ಕುಳಿತು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತನಾಡುವ ಒಂದು ಪರಿಚಿತ ಧ್ವನಿ ದೊಡ್ಡ ಆಸರೆ.

ಎರಡನೆಯ ಮುರಿತ ತಡೆಯುವುದು

ಒಮ್ಮೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಂಭವ ಹೆಚ್ಚು. ಬಿದ್ದದ್ದು ನೆಪ, ಮೂಲ ಕಾರಣ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಒಳಗೊಳಗೇ ಟೊಳ್ಳಾಗಿರುವುದು. ಸೊಂಟದ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾದವರಿಗೆ ವರ್ಷಕ್ಕೊಮ್ಮೆ ಝೋಲೆಡ್ರೋನಿಕ್ ಆಸಿಡ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು ನಡೆಸಿದ ಪ್ರಯೋಗವೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಹೊಸ ಮುರಿತಗಳು ಶೇಕಡಾ 35ರಷ್ಟು, ಸಾವುಗಳು ಶೇಕಡಾ 28ರಷ್ಟು ಕಡಿಮೆಯಾಗಿದ್ದವು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದು ಹೊಂದದು, ವೈದ್ಯರೇ ನಿರ್ಧರಿಸಬೇಕು. ಆದರೆ ಕೇಳದಿದ್ದರೆ ಈ ವಿಷಯ ಬಿಟ್ಟುಹೋಗುವುದೇ ಹೆಚ್ಚು.

ಮನೆಯೊಳಗೆ ಮಾಡಬಹುದಾದದ್ದು ಸರಳ. ಬಚ್ಚಲಿನಲ್ಲಿ ಗೋಡೆಗೆ ಹಿಡಿಕೆ, ಜಾರದ ಚಾಪೆ, ರಾತ್ರಿ ಉರಿಯುವ ಸಣ್ಣ ದೀಪ, ಸಡಿಲ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವುದು, ನೆಲದ ಮೇಲಿನ ವೈರು ಮತ್ತು ಕಾಲೊರೆಸುಗಳ ತೆರವು, ಕಣ್ಣಿನ ಪರೀಕ್ಷೆ, ನಿದ್ರೆಯ ಗುಳಿಗೆಗಳ ಮರುಪರಿಶೀಲನೆ.

ಖರ್ಚಿನ ಮಾತು

ಹಣ ಹೊಂದಿಸುವುದರಲ್ಲಿಯೂ ದಿನಗಳು ಹೋಗುತ್ತವೆ. 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ ಯೋಜನೆಯನ್ನು 70 ವರ್ಷ ಮತ್ತು ಮೇಲ್ಪಟ್ಟ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಲಾಯಿತು. ಕುಟುಂಬದ ಹಿರಿಯರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ರಕ್ಷಣೆ ಇದರಲ್ಲಿದೆ. ಖಾಸಗಿ ವಿಮೆ ಇರುವವರೂ ಅರ್ಹರು. ಆದರೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ ಇದು ಸಲ್ಲುತ್ತದೆ. ಆಧಾರ್ ಆಧರಿಸಿ ಕಾರ್ಡನ್ನು ಆರೋಗ್ಯವಾಗಿರುವಾಗಲೇ ಮಾಡಿಸಿಡಬೇಕು, ಸಮೀಪದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ತಿಳಿದಿರಬೇಕು. ವಡಾಲದವರಿಗೆ ಪರೇಲಿನ ಕೆ.ಇ.ಎಂ. ಮತ್ತು ಸಾಯನ್ನಿನ ಲೋಕಮಾನ್ಯ ತಿಲಕ್ ಎಂಬ ಎರಡು ದೊಡ್ಡ ಮಹಾನಗರಪಾಲಿಕೆ ಆಸ್ಪತ್ರೆಗಳು ಹತ್ತಿರದಲ್ಲಿರುವುದು ಈ ಭಾಗದ ಅನುಕೂಲ.

ಕೊನೆಯ ಮಾತು

ಸ್ವೀಡನ್ನಿನಿಂದ ಜಪಾನಿನವರೆಗೆ ಆಸ್ಪತ್ರೆಗಳು, ಹಣದ ವ್ಯವಸ್ಥೆ, ಕುಟುಂಬದ ರೀತಿ ಎಲ್ಲವೂ ಬೇರೆ. ಆದರೂ ಅವರ ನೋಂದಣಿಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತವೆ: ಬೇಗನೆ ಶಸ್ತ್ರಚಿಕಿತ್ಸೆ, ಕೂಡಿ ಆರೈಕೆ, ಮರುದಿನ ಎದ್ದು ನಿಲ್ಲುವುದು, ಮೂಳೆಗೆ ಔಷಧ. ಅವರು ಇದನ್ನು ಕಂಡುಕೊಂಡದ್ದು ಬರೆದಿಟ್ಟುದರಿಂದ. ನಮ್ಮ ನಗರದ ಆಸ್ಪತ್ರೆಗಳೂ ಒಂದು ದಿನ ಇಂತಹ ಲೆಕ್ಕವನ್ನು ಸಾರ್ವಜನಿಕರ ಮುಂದಿಡುವಂತಾಗಲಿ ಎಂದು ನಾವು ಆಶಿಸುತ್ತೇವೆ. ಅಲ್ಲಿಯವರೆಗೆ ಮೊದಲ ಗಡಿಯಾರ ಮನೆಯವರ ಕೈಯಲ್ಲಿಯೇ ಇದೆ. ಈ ಲೇಖನವನ್ನು ಓದುಗ ಬಂಧುಗಳು ತಮ್ಮ ಮನೆಯ ಹಿರಿಯರೊಡನೆ, ಊರಿನಲ್ಲಿರುವ ತಂದೆತಾಯಿಯರೊಡನೆ ಹಂಚಿಕೊಂಡು, ಇಂತಹ ಗಳಿಗೆ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾರು ಮುಂದೆ ನಿಲ್ಲಬೇಕು ಎಂಬುದನ್ನು ಇಂದೇ ನಿಶ್ಚಯಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ.